ಒಬ್ಬ ಗೆಳೆಯನಿಗಾಗಿ ಒಂದು ಧ್ವನಿಸುರುಳಿ: ಯುದ್ಧೋನ್ಮಾದಕ್ಕೆ ಪ್ರತ್ಯುತ್ತರ

ಪ್ರಪಂಚದ ಯಾವ ಮೂಲೆಯಲ್ಲಿ ಯುದ್ಧ ಆರಂಭವಾದರೂ ಮೊತ್ತಮೊದಲು ಬದಲಾಗುವುದು ನಮ್ಮ ನಾಲಗೆ. ನಿನ್ನೆಯವರೆಗೆ ಅಡಿಕೆಯ ಧಾರಣೆಯನ್ನೂ ಮಕ್ಕಳ ಪರೀಕ್ಷೆಯನ್ನೂ ಕುರಿತು ಮಾತು ಸಾಗುತ್ತಿದ್ದ ಚಾವಡಿಗಳಲ್ಲಿ ಇಂದು ಕ್ಷಿಪಣಿಗಳ ಹೆಸರುಗಳು ಕೇಳಿಬರುತ್ತವೆ. ಸಜ್ಜನರೆನಿಸಿಕೊಂಡವರೂ, ಜೀವಮಾನದಲ್ಲಿ ಒಂದು ಇರುವೆಯನ್ನೂ ಬೇಕೆಂದು ತುಳಿಯದವರೂ, ಇಡೀ ಪಟ್ಟಣವೊಂದು ಬೂದಿಯಾಗಲಿ ಎಂದು ಚಹಾ ಹೀರುತ್ತ ಹಾರೈಸುತ್ತಾರೆ. ಬಂಧುಬಳಗದ ವಾಟ್ಸಾಪ್ ಗುಂಪುಗಳಲ್ಲಿ, ಕುಸಿಯುವ ಕಟ್ಟಡಗಳ ದೃಶ್ಯಕ್ಕೆ ವೀರಗೀತೆಯ ಹಿಮ್ಮೇಳ ಕೂಡಿಸಿದ ತುಣುಕುಗಳು ಹಬ್ಬದ ಶುಭಾಶಯಗಳಂತೆ ಬಂದು ಬೀಳುತ್ತವೆ. ಆ ಕಟ್ಟಡದೊಳಗೆ ಯಾರಿದ್ದರೆಂದು ಯಾರೂ ಕೇಳುವುದಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ನಡುವಿನ ಒಬ್ಬ ಯುವಕನೋ ಯುವತಿಯೋ ಯುದ್ಧವನ್ನು ವಿರೋಧಿಸುವ ಪಂಕ್ ಹಾಡುಗಳನ್ನು ಆಯ್ದು, ಒಂದರ ಹಿಂದೆ ಒಂದನ್ನು ಪೋಣಿಸಿ, ಒಬ್ಬನೇ ಒಬ್ಬ ಸ್ನೇಹಿತನ ಕೈಗೆ ಕೊಟ್ಟರೆ ನಾವು ಏನೆನ್ನುತ್ತೇವೆ? ಮೂರು ಮಾತುಗಳು ಸಿದ್ಧವಾಗಿಯೇ ಇವೆ. ಇದು ಹುಡುಗಾಟ ಎಂಬುದು ಮೊದಲನೆಯದು. ಇದು ಪರದೇಶದ ಗದ್ದಲ, ನಮ್ಮ ಸಂಸ್ಕೃತಿಗೂ ಇದಕ್ಕೂ ಏನು ಸಂಬಂಧ ಎಂಬುದು ಎರಡನೆಯದು. ಹಾಡಿನಿಂದ ಯಾವ ಯುದ್ಧ ನಿಂತಿದೆ ಎಂಬುದು ಮೂರನೆಯದು. ಈ ಮೂರೂ ಮಾತುಗಳು ತಪ್ಪು ಎಂಬುದೇ ನನ್ನ ವಾದ. ಒಬ್ಬ ಗೆಳೆಯನಿಗಾಗಿ ಕಟ್ಟಿದ ಇಂಥ ಧ್ವನಿಸುರುಳಿಯು ಯುದ್ಧಕ್ಕೆ ಸಾಮಾನ್ಯ ಮನುಷ್ಯನೊಬ್ಬನು ತೋರಬಹುದಾದ ಪ್ರತಿಭಟನೆಗಳಲ್ಲಿ ಅತ್ಯಂತ ಗಂಭೀರವಾದವುಗಳ ಸಾಲಿಗೆ ಸೇರುತ್ತದೆ ಎಂದು ನಾನು ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಮೊದಲು ಪಂಕ್ ಎಂದರೇನೆಂದು ತಿಳಿಯೋಣ. 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ರೂಪುಗೊಂಡ ಈ ಸಂಗೀತಕ್ಕೆ ವರ್ಷಗಟ್ಟಲೆಯ ಸಾಧನೆ ಬೇಡ, ದೊಡ್ಡ ಬಂಡವಾಳ ಬೇಡ. ಒಂದೆರಡು ಗಿಟಾರು, ಒಂದು ಡ್ರಮ್ಮು, ಹೇಳಲೇಬೇಕಾದ ಒಂದು ಮಾತು ಇದ್ದರೆ ಸಾಕು. 1977ರ ಆರಂಭದಲ್ಲಿ ಇಂಗ್ಲೆಂಡಿನ ಯುವಕರು ತಾವೇ ಅಚ್ಚುಹಾಕಿದ ಒಂದು ಪುಟ್ಟ ಪತ್ರಿಕೆಯು ಗಿಟಾರಿನ ಮೂರು ಸ್ವರಮೇಳಗಳಿಗೆ ಬೆರಳಿಡುವ ಬಗೆಯನ್ನು ಚಿತ್ರಿಸಿ, ಇಷ್ಟು ಬಂದರೆ ಸಾಕು, ತಂಡ ಕಟ್ಟಿರಿ ಎಂದು ಓದುಗರಿಗೆ ಕರೆಕೊಟ್ಟಿತು. ಈ ಕರೆಯ ಹಿಂದಿದ್ದ ತತ್ತ್ವ ಬಹಳ ದೊಡ್ಡದು: ಮಾತಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಡುಗಳು ಎರಡು, ಎರಡೂವರೆ ನಿಮಿಷಗಳಲ್ಲಿ ಮುಗಿಯುತ್ತವೆ. ಕೂಗಿನಂತೆ ಕೇಳಿಸುವ ಗಾಯನ, ಬಿರುಸಾದ ತಾಳ, ಅಲಂಕಾರವೆಂಬುದು ಬಹುಪಾಲು ಇಲ್ಲ.

ಇನ್ನು ಧ್ವನಿಸುರುಳಿ, ಅಂದರೆ ನಮ್ಮೆಲ್ಲರ ಮನೆಗಳಲ್ಲಿದ್ದ ಕ್ಯಾಸೆಟ್ಟು. ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಇದನ್ನು ಲೋಕದ ಮುಂದಿಟ್ಟಿತು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ 45 ನಿಮಿಷ. ಎರಡು ನಿಮಿಷದ ಪಂಕ್ ಹಾಡುಗಳಾದರೆ ಒಂದು ಬದಿಗೆ ಇಪ್ಪತ್ತಕ್ಕೂ ಹೆಚ್ಚು ಹಿಡಿಸುತ್ತವೆ. ಆದರೆ ಮನೆಯಲ್ಲಿ ಕುಳಿತು ಅದನ್ನು ತುಂಬಿಸುವವನಿಗೆ ಒಂದು ಕಟ್ಟುಪಾಡು ಇತ್ತು. ಬೇರೆಬೇರೆ ತಟ್ಟೆಗಳಿಂದ ಹಾಡುಗಳನ್ನು ಒಂದೊಂದಾಗಿ ಎತ್ತಿಕೊಳ್ಳುವಾಗ, ತೊಂಬತ್ತು ನಿಮಿಷವನ್ನು ತುಂಬಲು ಕನಿಷ್ಠ ತೊಂಬತ್ತು ನಿಮಿಷವನ್ನು ತಾನೂ ಕುಳಿತು ಕೇಳಲೇಬೇಕಿತ್ತು. ಪ್ರತಿ ಹಾಡಿನ ಕೊನೆಯಲ್ಲಿ ಗುಂಡಿ ಒತ್ತಿ ನಿಲ್ಲಿಸಬೇಕು, ಮುಂದಿನದನ್ನು ಹುಡುಕಬೇಕು, ಯಾವುದರ ಬಳಿಕ ಯಾವುದು ಬಂದರೆ ಅರ್ಥ ಬೆಳೆಯುತ್ತದೆಂದು ಯೋಚಿಸಬೇಕು. ಕೊನೆಗೆ ಒಳಗಿನ ಚೀಟಿಯಲ್ಲಿ ಹಾಡುಗಳ ಹೆಸರನ್ನು ಕೈಯಾರೆ ಬರೆದು, ಬೇರೆ ಯಾರೂ ಅಳಿಸದಂತೆ ಮೇಲಂಚಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದು ಕೊಡಬೇಕು. ಇಷ್ಟು ಶ್ರಮವನ್ನು ಯಾರಾದರೂ ಅಪರಿಚಿತ ಜನಸ್ತೋಮಕ್ಕಾಗಿ ಪಡುತ್ತಾರೆಯೇ? ಅದನ್ನು ಪಡುವುದು ಹೆಸರುಳ್ಳ ಒಬ್ಬ ವ್ಯಕ್ತಿಗಾಗಿ.

ಕಾಸರಗೋಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾದುದೇ ಇಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಕಾಗದಕ್ಕೆ ಬದಲಾಗಿ ತಮ್ಮ ದನಿಯನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ, ರಜೆಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಮರೆತಿಲ್ಲ. ಅಕ್ಷರ ಬಾರದ ತಾಯಿಗೂ ಆ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬರ ಹಂಗಿರಲಿಲ್ಲ. ಹಾಗೆಯೇ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ತಾಳಮದ್ದಳೆಯ ಧ್ವನಿಸುರುಳಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಎರವಲು ಹೋಗಿ, ನಕಲಾಗಿ, ಸವೆದು, ಕೀರಲು ದನಿಯಾಗುವವರೆಗೆ ಸುತ್ತಾಡಿದುದನ್ನು ನಾವು ಬಲ್ಲೆವು. ಅಂಗಡಿಯ ಸರಕಾಗಿದ್ದ ವಸ್ತುವೊಂದು ಕೈಯಿಂದ ಕೈಗೆ ದಾಟುವಾಗ ಹೇಗೆ ಪತ್ರವಾಗುತ್ತದೆ, ಹೇಗೆ ಪ್ರೀತಿಯಾಗುತ್ತದೆ ಎಂಬುದರ ಅನುಭವ ನಮ್ಮ ಮನೆಗಳಲ್ಲಿದೆ. ಆದುದರಿಂದ ಗೆಳೆಯನಿಗೆ ಹಾಡು ತುಂಬಿಸಿ ಕೊಡುವುದು ಹುಡುಗಾಟ ಎನ್ನುವವರು ತಮ್ಮ ಮನೆಯ ಅಟ್ಟದ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಲಿ.

ಈಗ ಯುದ್ಧದ ಕಡೆಗೆ ಬರೋಣ. ಪಂಕ್ ಸಂಗೀತದ ಯುದ್ಧವಿರೋಧವನ್ನು ಅರಿಯಲು 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕಿಂತ ಉತ್ತಮ ನಿದರ್ಶನವಿಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಎರಡು ಸಾವಿರಕ್ಕೂ ಕಡಮೆ ಜನರಿದ್ದ ದ್ವೀಪಗಳವು. ಅಲ್ಲಿಯ ಮುಖ್ಯ ಕಸುಬು ಕುರಿಸಾಕಣೆ. ಏಪ್ರಿಲ್ 2ರಂದು ಅರ್ಜೆಂಟೀನದ ಸೇನಾ ಸರ್ವಾಧಿಕಾರಿಗಳು ಅವನ್ನು ಆಕ್ರಮಿಸಿದರು. ಮಾರ್ಗರೆಟ್ ಥ್ಯಾಚರ್ ಅವರ ಬ್ರಿಟಿಷ್ ಸರಕಾರ ನೌಕಾಪಡೆಯನ್ನು ಕಳುಹಿಸಿತು. ಜೂನ್ 14ರಂದು ಅರ್ಜೆಂಟೀನ ಶರಣಾಗುವಷ್ಟರಲ್ಲಿ, 74 ದಿನಗಳಲ್ಲಿ, ಅರ್ಜೆಂಟೀನದ 649 ಮಂದಿ, ಬ್ರಿಟನ್ನಿನ 255 ಮಂದಿ ಯೋಧರು ಸತ್ತಿದ್ದರು. ದ್ವೀಪವಾಸಿಗಳಲ್ಲಿ ಸತ್ತವರು ಮೂವರು, ಮೂವರೂ ಹೆಂಗಸರು. ಅವರನ್ನು ಕೊಂದದ್ದು ಅವರ ಬಿಡುಗಡೆಗೆಂದು ಬಂದ ಬ್ರಿಟಿಷ್ ಪಡೆಯದೇ ಗುಂಡು. ಅರ್ಜೆಂಟೀನದ ‘ಜನರಲ್ ಬೆಲ್‌ಗ್ರಾನೊ’ ಎಂಬ ಯುದ್ಧನೌಕೆಯನ್ನು ಮೇ 2ರಂದು ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿಸಿದಾಗ ಸತ್ತವರು 323 ಮಂದಿ. ಲಂಡನ್ನಿನ ಜನಪ್ರಿಯ ದೈನಿಕವೊಂದು ಆ ಸುದ್ದಿಗೆ ಕೊಟ್ಟ ಶೀರ್ಷಿಕೆ ಒಂದೇ ಪದ. ಕಣ್ಣಾಮುಚ್ಚಾಲೆಯಾಡುವ ಮಕ್ಕಳು ‘ಸಿಕ್ಕಿದೆಯಾ!’ ಎಂದು ಕೇಕೆ ಹಾಕುವಂಥದು.

ಆ ಪತ್ರಿಕೆಯ ಕೇಕೆಗೂ ನಮ್ಮ ವಾಟ್ಸಾಪ್ ತುಣುಕುಗಳಿಗೂ ಏನಾದರೂ ಅಂತರವಿದೆಯೇ? ಎರಡೂ ಯಾರೊಬ್ಬನನ್ನೂ ಉದ್ದೇಶಿಸಿ ಆಡಿದ ಮಾತಲ್ಲ. ಲಕ್ಷಾಂತರ ಜನರಿಗೆ ಒಮ್ಮೆಲೇ ಎಸೆದ ಮಾತು. ಅಂಥ ಮಾತಿಗೆ ಮರುನುಡಿಯಲು ಕೇಳುವವನಿಗೆ ಎಡೆಯಿರುವುದಿಲ್ಲ. ಗುಂಪಿನೊಳಗೆ ನಿಂತು ಕೂಗುವುದು ಅಥವಾ ಸುಮ್ಮನಿರುವುದು, ಇಷ್ಟೇ ಅವನ ಪಾಲಿಗೆ ಉಳಿಯುವುದು.

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಎಪಿಂಗ್ ಬಳಿಯ ಹಳೆಯ ಮನೆಯೊಂದರಲ್ಲಿ ಕೂಡಿಬಾಳುತ್ತಿದ್ದ ‘ಕ್ರಾಸ್’ ಎಂಬ ಪಂಕ್ ತಂಡ ಸುಮ್ಮನಿರಲಿಲ್ಲ. ತಮ್ಮ ತಟ್ಟೆಗಳ ಹೊದಿಕೆಯ ಮೇಲೆ ಇದಕ್ಕಿಂತ ಹೆಚ್ಚು ಹಣ ಕೊಡಬೇಡಿ ಎಂದು ಕಡಮೆ ಬೆಲೆಯನ್ನು ಅಚ್ಚುಹಾಕುತ್ತಿದ್ದ ತಂಡವದು. ಸಾವಿರ ಸಾವುಗಳ ತಾಯಿಯಾಗಿರುವುದು ಹೇಗೆನಿಸುತ್ತದೆ ಎಂಬ ಅರ್ಥದ ಶೀರ್ಷಿಕೆಯನ್ನಿಟ್ಟು ಅವರು ಅದೇ 1982ರಲ್ಲಿ ಹೊರತಂದ ಹಾಡು ನೇರವಾಗಿ ಪ್ರಧಾನಿಯನ್ನು ಉದ್ದೇಶಿಸಿದ್ದು. ಆಳುವ ಪಕ್ಷದ ಸಂಸದರೊಬ್ಬರು ಅದರ ಮೇಲೆ ಕಾನೂನು ಕ್ರಮಕ್ಕೆ ಒತ್ತಾಯಿಸಿದರು. ಹಾಡು ನಿರುಪಯುಕ್ತ, ಯಾರನ್ನೂ ತಟ್ಟದು ಎನ್ನುವವರು ಈ ಸಂಗತಿಯನ್ನು ಗಮನಿಸಬೇಕು. ಯಾರನ್ನೂ ತಟ್ಟದ ಹಾಡಿನ ಮೇಲೆ ಮೊಕದ್ದಮೆ ಹೂಡಬೇಕೆಂದು ಯಾವ ಸಂಸದನಿಗೂ ಅನಿಸುವುದಿಲ್ಲ.

ಅದಕ್ಕಿಂತಲೂ ನನಗೆ ಮುಖ್ಯವೆನಿಸುವುದು ಅವರ ಇನ್ನೊಂದು ಕೆಲಸ. ಈ ಯುದ್ಧದ ಬಗೆಗಿನ ಇನ್ನೊಂದು ಹಾಡನ್ನು ಅವರು ಬಾಗುವ ತೆಳು ತಟ್ಟೆಯಲ್ಲಿ ಮುದ್ರಿಸಿ, ತಮ್ಮ ಹೆಸರನ್ನೂ ಹಾಕದೆ, ಹಂಚಿಕೆಯ ಮಳಿಗೆಯಲ್ಲಿದ್ದ ಸ್ನೇಹಿತರ ನೆರವಿನಿಂದ ಬೇರೆ ತಂಡಗಳ ತಟ್ಟೆಗಳ ಹೊದಿಕೆಯೊಳಗೆ ಸೇರಿಸಿಬಿಟ್ಟರು. ಯಾವುದೋ ಪ್ರೇಮಗೀತೆಯನ್ನು ಕೊಂಡು ಮನೆಗೆ ಬಂದವನ ಮಡಿಲಿಗೆ ಯುದ್ಧದ ಕುರಿತ ಪ್ರಶ್ನೆಯೊಂದು ಬಿತ್ತು. ಅವನು ಅದನ್ನು ಒಬ್ಬನೇ ಕುಳಿತು ಕೇಳಬೇಕು. ಸಭೆಯಿಲ್ಲ, ಚಪ್ಪಾಳೆಯಿಲ್ಲ, ಪಕ್ಕದವನು ಏನೆನ್ನುತ್ತಾನೋ ಎಂಬ ಅಂಜಿಕೆಯೂ ಇಲ್ಲ. ಗುಂಪಿನಿಂದ ಒಬ್ಬನನ್ನು ಬಿಡಿಸಿ ಪ್ರತ್ಯೇಕವಾಗಿ ಮಾತಾಡಿಸುವ ಈ ಉಪಾಯವನ್ನೇ ಗೆಳೆಯನ ಧ್ವನಿಸುರುಳಿಯು ಇನ್ನಷ್ಟು ಆಪ್ತವಾಗಿ ಮಾಡುತ್ತದೆ.

ಎದುರಾಳಿ ದೇಶದಲ್ಲೂ ಸಂಗೀತ ಯುದ್ಧಕ್ಕೆ ಹೊರತಾಗಿ ಉಳಿಯಲಿಲ್ಲ. ರಾಕ್ ಸಂಗೀತವನ್ನು ಅದುವರೆಗೆ ಸಂಶಯದಿಂದಲೇ ನೋಡುತ್ತಿದ್ದ ಅರ್ಜೆಂಟೀನದ ಸೈನಿಕ ಆಡಳಿತ, ಯುದ್ಧ ಬಂದೊಡನೆ ಬಾನುಲಿಯಲ್ಲಿ ಇಂಗ್ಲಿಷ್ ಹಾಡುಗಳನ್ನು ನಿಲ್ಲಿಸಿ, ದೇಶೀಯ ರಾಕ್ ತಂಡಗಳಿಗೆ ಬಾಗಿಲು ತೆರೆಯಿತು. ಮೇ 16ರಂದು ಬ್ಯುನೋಸ್ ಐರಿಸ್‌ನಲ್ಲಿ ಅಂಥ ತಂಡಗಳ ದೊಡ್ಡ ಉತ್ಸವವೂ ನಡೆಯಿತು. ಹಾಡಲೊಲ್ಲೆವೆಂದು ನಿರಾಕರಿಸಿದವರೂ ಇದ್ದರು. ‘ವೈರಸ್’ ಎಂಬ ತಂಡ ಅವರಲ್ಲೊಂದು. ಯುದ್ಧ ಬಂದಾಗ ಪ್ರಭುತ್ವಕ್ಕೆ ಸಂಗೀತದ ಮೇಲೆ ಉಕ್ಕುವ ಈ ಪ್ರೀತಿಯನ್ನು ನಾವು ಎಚ್ಚರದಿಂದ ನೋಡಬೇಕು. ಹಾಡಿಗೆ ಶಕ್ತಿಯಿಲ್ಲವೆಂದು ಸಾಮಾನ್ಯನು ನಂಬಿರಬಹುದು, ಸೇನಾಧಿಪತಿಗಳು ಎಂದೂ ನಂಬಿಲ್ಲ.

ಎರಡನೆಯ ಆಕ್ಷೇಪವನ್ನು ತೆಗೆದುಕೊಳ್ಳೋಣ. ಇದು ಗದ್ದಲ, ಇಂಪಿಲ್ಲ, ನಮ್ಮದಲ್ಲ. ಇಂಪಿಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ಯುದ್ಧಗಳು ಯಾವಾಗಲೂ ಇಂಪಾದ ಸಂಗೀತದೊಡನೆಯೇ ಹೊರಟಿವೆ ಎಂಬುದನ್ನು ಮರೆಯಬಾರದು. ಹಿತ್ತಾಳೆಯ ವಾದ್ಯಗಳು ಮಿನುಗುತ್ತವೆ, ಹೆಜ್ಜೆಗಳು ತಾಳಕ್ಕೆ ಸರಿಯಾಗಿ ಬೀಳುತ್ತವೆ, ಎದೆ ಉಬ್ಬುತ್ತದೆ, ಕಣ್ಣು ತೇವಗೊಳ್ಳುತ್ತದೆ. ಆ ಇಂಪಿನಲ್ಲಿ ಹರಿದ ಕರುಳಿನ ಸುಳಿವೇ ಇಲ್ಲ. ಇಂಗ್ಲೆಂಡಿನ ಸ್ಟೋಕ್ ನಗರದ ‘ಡಿಸ್‌ಚಾರ್ಜ್’ ತಂಡ 1982ರಲ್ಲಿ ಹೊರತಂದ ಹಾಡುಗಳು ಅಣ್ವಸ್ತ್ರದ ಭೀತಿಯನ್ನು ಕುರಿತವು. ಅವು ಕಿವಿಗೆ ಅಪ್ಪಳಿಸುತ್ತವೆ, ಉಸಿರಾಡಲು ಬಿಡುವುದಿಲ್ಲ. ಸುಟ್ಟ ಊರಿನ ವಿಷಯವನ್ನು ಸುಶ್ರಾವ್ಯವಾಗಿ ಹಾಡುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಲ್ಲವೇ? ರಂಗಸ್ಥಳದಲ್ಲಿ ರಾಕ್ಷಸವೇಷದ ಪ್ರವೇಶಕ್ಕೆ ಚೆಂಡೆಯ ಆರ್ಭಟವೇ ತಕ್ಕುದು, ಕೊಳಲಿನ ಆಲಾಪನೆ ಸಲ್ಲದು ಎಂದು ಬಲ್ಲ ಯಕ್ಷಗಾನದ ನಾಡಿನವರು ನಾವು. ವಿಷಯಕ್ಕೆ ತಕ್ಕ ನಾದ ಎಂಬ ಔಚಿತ್ಯವನ್ನು ಪಂಕ್ ಸಂಗೀತಕ್ಕೆ ಮಾತ್ರ ನಿರಾಕರಿಸುವುದು ಯಾವ ನ್ಯಾಯ?

‘ನಮ್ಮದಲ್ಲ’ ಎಂಬುದು ಸ್ವರೂಪದ ಮಟ್ಟಿಗೆ ನಿಜ. ಇಂಗ್ಲೆಂಡಿನ ಹುಡುಗರ ಸಿಟ್ಟನ್ನು ನಮ್ಮ ಪರಂಪರೆಯ ಉಡುಗೊರೆಯೆಂದು ಹೇಳಿಕೊಳ್ಳುವ ಹುಚ್ಚು ನನಗಿಲ್ಲ. ಆದರೆ ಯುದ್ಧವನ್ನು ಪ್ರಶ್ನಿಸುವುದು ಕನ್ನಡಕ್ಕೆ ಹೊಸತೆಂದು ಯಾರೂ ಹೇಳಲಾರರು. ಪಂಪನ ಆದಿಪುರಾಣದಲ್ಲಿ ಎರಡು ಸೇನೆಗಳ ಸಂಹಾರವನ್ನು ತಪ್ಪಿಸಲು ಅಣ್ಣತಮ್ಮಂದಿರಿಬ್ಬರೇ ಸೆಣಸುತ್ತಾರೆ. ಗೆದ್ದ ಬಾಹುಬಲಿ ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ತೊರೆಯುತ್ತಾನೆ. ರನ್ನನ ಗದಾಯುದ್ಧದ ದುರ್ಯೋಧನ ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಯುವಾಗ ಸಿಗುವುದು ಗುರುವಿನ, ಮಗನ, ತಮ್ಮನ, ಗೆಳೆಯನ ಶವಗಳು. ಕುವೆಂಪು ‘ಸ್ಮಶಾನ ಕುರುಕ್ಷೇತ್ರಂ’ ನಾಟಕದಲ್ಲಿ ಯುದ್ಧ ಮುಗಿದ ರಣಭೂಮಿಯನ್ನೇ ರಂಗವಾಗಿಸಿದರು. ಇವನ್ನೆಲ್ಲ ಪಠ್ಯಪುಸ್ತಕದಲ್ಲಿ ಓದಿ, ಭಾಷಣದಲ್ಲಿ ಕೊಂಡಾಡಿ, ಯುದ್ಧ ಬಂದ ದಿನ ಮಾತ್ರ ಕಪಾಟಿಗೆ ಸೇರಿಸಿ ಬೀಗ ಹಾಕುವವರು, ಗೆಳೆಯನಿಗೆ ಪಂಕ್ ಹಾಡು ಕೊಡುವ ಹುಡುಗಿಗೆ ಸಂಸ್ಕೃತಿಯ ಪಾಠ ಹೇಳಲು ಅರ್ಹರಲ್ಲ. ರನ್ನನನ್ನು ನಿಜವಾಗಿ ಓದಿಕೊಂಡವಳು ಅವಳೇ ಇರಬಹುದು.

ಈ ಎರಡನೆಯ ಆಕ್ಷೇಪದ ಜೊತೆಗೆ ಇನ್ನೊಂದು ಮಾತನ್ನು ಪಿಸುದನಿಯಲ್ಲಿ ಸೇರಿಸುವುದುಂಟು: ಯುದ್ಧವನ್ನು ವಿರೋಧಿಸುವುದು ಯೋಧನಿಗೆ ಮಾಡುವ ಅವಮಾನವಲ್ಲವೇ? ಸೇನೆಯಲ್ಲಿ ಮಗನಿರುವ ಮನೆಗಳು ನಮ್ಮ ಸಂಘದಲ್ಲೂ ಇವೆ. ಆದ್ದರಿಂದ ಇದಕ್ಕೆ ಎಚ್ಚರದಿಂದ ಉತ್ತರ ಹೇಳಬೇಕು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಬೀದಿಗಳಲ್ಲಿ ಬ್ರಿಟಿಷ್ ಸೈನಿಕರು ಬಂದೂಕು ಹಿಡಿದು ತಿರುಗುತ್ತಿದ್ದ ದಿನಗಳಲ್ಲಿ ಅದೇ ನಗರದ ‘ಸ್ಟಿಫ್ ಲಿಟ್ಲ್ ಫಿಂಗರ್ಸ್’ ತಂಡ 1980ರಲ್ಲಿ ‘ಟಿನ್ ಸೋಲ್ಜರ್ಸ್’ ಎಂಬ ಹಾಡನ್ನು ಹೊರತಂದಿತು. ಹರೆಯದಲ್ಲಿ ಸೇನೆಗೆ ಸಹಿ ಹಾಕಿ, ಹೊರಬರಲಾಗದೆ ಸಿಲುಕಿಕೊಂಡ ಹುಡುಗನೊಬ್ಬನ ಪಾಡು ಅದರ ವಸ್ತು. ತಮ್ಮ ಬೀದಿಗೆ ಬಂದೂಕು ತಂದವನ ಒಳಗೂ ಒಬ್ಬ ಹುಡುಗನಿದ್ದಾನೆಂದು ಕಂಡ ಹಾಡು ಯೋಧನಿಗೆ ಅವಮಾನವೇ? ಸುರಕ್ಷಿತವಾದ ಕುರ್ಚಿಯಲ್ಲಿ ಕುಳಿತು ‘ನುಗ್ಗಲಿ, ಹೊಡೆಯಲಿ’ ಎಂದು ಇನ್ನೊಬ್ಬರ ಮಗನನ್ನು ಮುಂದೆ ತಳ್ಳುವ ನಾವು ಯೋಧನನ್ನು ಗೌರವಿಸುತ್ತಿದ್ದೇವೆಯೇ? ಯೋಧನು ಜೀವಂತವಾಗಿ ಮನೆಗೆ ಮರಳಲಿ ಎಂಬುದಕ್ಕಿಂತ ದೊಡ್ಡ ಗೌರವ ಯಾವುದಿದೆ?

ಮೂರನೆಯ ಆಕ್ಷೇಪವೇ ನಿಜವಾದ ಆಕ್ಷೇಪ. ಹಾಡಿನಿಂದ ಯಾವ ಯುದ್ಧ ನಿಂತಿತು? ನೇರವಾಗಿ ಹೇಳುವುದಾದರೆ, ಫಾಕ್‌ಲ್ಯಾಂಡ್ಸ್ ಯುದ್ಧವನ್ನು ಕ್ರಾಸ್ ತಂಡ ನಿಲ್ಲಿಸಲಿಲ್ಲ. ಥ್ಯಾಚರ್ 1983ರ ಚುನಾವಣೆಯಲ್ಲಿ ಭಾರಿ ಬಹುಮತದಿಂದ ಗೆದ್ದರು. ಅಮೆರಿಕದ ಪಂಕ್ ತಂಡಗಳು 2004ರಲ್ಲಿ ಅಧ್ಯಕ್ಷ ಬುಷ್ ವಿರುದ್ಧ ‘ರಾಕ್ ಅಗೇನ್ಸ್ಟ್ ಬುಷ್’ ಎಂಬ ಎರಡು ಸಂಕಲನಗಳನ್ನು ತಂದವು. ಬುಷ್ ಅದೇ ವರ್ಷ ಮತ್ತೆ ಆಯ್ಕೆಯಾದರು. ಆದರೆ ಇದೇ ಅಳತೆಗೋಲನ್ನು ಎಲ್ಲಕ್ಕೂ ಹಿಡಿಯಬೇಕಲ್ಲವೇ? 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಲಕ್ಷ ಲಕ್ಷ ಜನ ಬೀದಿಗಿಳಿದು ಇರಾಕ್ ಯುದ್ಧ ಬೇಡವೆಂದರು. ಮುಂದಿನ ತಿಂಗಳೇ ಬಾಂಬುಗಳು ಬಿದ್ದವು. ಹಾಗೆಂದು ಆ ಮೆರವಣಿಗೆ ವ್ಯರ್ಥವೆಂದು ಯಾರೂ ಹೇಳುವುದಿಲ್ಲ. ಮೆರವಣಿಗೆಗೆ ಸಲ್ಲುವ ರಿಯಾಯಿತಿ ಧ್ವನಿಸುರುಳಿಗೂ ಸಲ್ಲಬೇಕು.

ನಾನು ರಿಯಾಯಿತಿಯಷ್ಟನ್ನೇ ಬೇಡುತ್ತಿಲ್ಲ. ಯುದ್ಧ ನಡೆಯಬೇಕಾದರೆ ಮದ್ದುಗುಂಡುಗಳಷ್ಟೇ ಅಗತ್ಯವಾದ ಇನ್ನೊಂದು ಸಾಮಗ್ರಿ ಜನರ ಸಮ್ಮತಿ. ಆ ಸಮ್ಮತಿ ಮೊದಲು ರೂಪುಗೊಳ್ಳುವುದು ಮನೆಯಲ್ಲಿ, ದೂರದರ್ಶನದ ಮುಂದೆ, ಬಸ್ಸು ಕಾಯುವಲ್ಲಿ, ಒಬ್ಬೊಬ್ಬನ ಮನಸ್ಸಿನಲ್ಲಿ. ಎಲ್ಲರೂ ಹೀಗೆಯೇ ಯೋಚಿಸುತ್ತಿದ್ದಾರೆ, ನನಗೊಬ್ಬನಿಗೆ ಯಾಕೆ ಬೇರೆ ಅನಿಸಬೇಕು ಎಂಬ ಒಂಟಿತನದಲ್ಲಿ ಅದು ಗಟ್ಟಿಯಾಗುತ್ತದೆ. ಅಲ್ಲಿಗೆ ಮೆರವಣಿಗೆ ತಲುಪದು, ಸಂಪಾದಕೀಯ ತಲುಪದು. ತಲುಪಬಲ್ಲವನು ಗೆಳೆಯನೊಬ್ಬನೇ. ನೀನು ಒಬ್ಬಂಟಿಯಲ್ಲ, ನನಗೂ ಹೀಗೆಯೇ ಅನಿಸುತ್ತದೆ ಎಂದು ಹೇಳಿ, ಆ ಮಾತಿಗೆ ತನ್ನ ತೊಂಬತ್ತು ನಿಮಿಷಗಳನ್ನು ಸಾಕ್ಷಿಯಾಗಿ ಇಡಬಲ್ಲವನು ಅವನು.

ಬಾನುಲಿಯ ಬಾಗಿಲು ಮುಚ್ಚಿದಾಗ ಇದರ ಬೆಲೆ ಗೊತ್ತಾಗುತ್ತದೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ, ಸಾವಿರಕ್ಕೂ ಹೆಚ್ಚು ಬಾನುಲಿ ಕೇಂದ್ರಗಳ ಒಡೆತನವಿದ್ದ ಅಮೆರಿಕದ ಕ್ಲಿಯರ್ ಚಾನೆಲ್ ಸಂಸ್ಥೆಯೊಳಗೆ, ಸದ್ಯಕ್ಕೆ ಪ್ರಸಾರಕ್ಕೆ ತಕ್ಕುದಲ್ಲವೆನ್ನಲಾದ 150ಕ್ಕೂ ಹೆಚ್ಚು ಹಾಡುಗಳ ಪಟ್ಟಿಯೊಂದು ಹರಿದಾಡಿತು. ಯುದ್ಧವಿಲ್ಲದ ಲೋಕವನ್ನು ಕಲ್ಪಿಸಿಕೊಳ್ಳುವ ಜಾನ್ ಲೆನನ್ ಅವರ ‘ಇಮ್ಯಾಜಿನ್’ ಕೂಡ ಅದರಲ್ಲಿತ್ತು. ಅದು ನಿಷೇಧವಲ್ಲ ಎಂದು ಸಂಸ್ಥೆ ಹೇಳಿತು. ನಿಷೇಧದ ಅಗತ್ಯವೇ ಬೀಳದಂತೆ ಜನ ತಾವಾಗಿ ಸುಮ್ಮನಾಗುವುದೇ ಇಂಥ ಪಟ್ಟಿಗಳ ಗೆಲುವು. 2003ರ ಮಾರ್ಚ್ ತಿಂಗಳಲ್ಲಿ ‘ಡಿಕ್ಸಿ ಚಿಕ್ಸ್’ ತಂಡದ ಗಾಯಕಿ ಲಂಡನ್ನಿನ ವೇದಿಕೆಯಲ್ಲಿ ಬುಷ್ ಅವರನ್ನು ಟೀಕಿಸಿ ಒಂದು ವಾಕ್ಯ ಆಡಿದ್ದಕ್ಕೆ ಅಮೆರಿಕದ ಅನೇಕ ಬಾನುಲಿ ಕೇಂದ್ರಗಳು ಅವರ ಹಾಡುಗಳನ್ನೇ ಕೈಬಿಟ್ಟವು. ಇವರು ಪಂಕ್ ತಂಡವೂ ಅಲ್ಲ, ಜನಪ್ರಿಯ ಹಳ್ಳಿಗಾಡಿನ ಸಂಗೀತದವರು. ಕೇಂದ್ರದ ಅಧಿಕಾರಿ ಕೈಬಿಟ್ಟ ಹಾಡನ್ನು ಗೆಳೆಯನು ಕೈಬಿಡಬೇಕಾಗಿಲ್ಲ. ಕೈಯಿಂದ ಕೈಗೆ ಹೋಗುವ ಸುರುಳಿಗೆ ಒಡೆಯನಿಲ್ಲ, ಪ್ರಾಯೋಜಕನಿಲ್ಲ, ಅದನ್ನು ನಿಲ್ಲಿಸಬಲ್ಲ ಗುಂಡಿಯೂ ಬೇರೆಯವರ ಬಳಿ ಇಲ್ಲ.

ಸಂಗೀತೋದ್ಯಮಕ್ಕೆ ಇದು ಎಂದೂ ಹಿಡಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಧ್ವನಿಮುದ್ರಣ ಸಂಸ್ಥೆಗಳ ಒಕ್ಕೂಟವು ಕ್ಯಾಸೆಟ್ಟನ್ನು ತಲೆಬುರುಡೆಯಂತೆ ಚಿತ್ರಿಸಿ, ಮನೆಯಲ್ಲಿ ನಕಲು ಮಾಡುವುದರಿಂದ ಸಂಗೀತ ಸಾಯುತ್ತಿದೆ ಎಂದು ಪ್ರಚಾರ ಮಾಡಿತು. ಅದೇ ಸುಮಾರಿಗೆ, 1981ರಲ್ಲಿ, ಸಾನ್ ಫ್ರಾನ್ಸಿಸ್ಕೋದ ‘ಡೆಡ್ ಕೆನೆಡೀಸ್’ ತಂಡ ತನ್ನ ಕ್ಯಾಸೆಟ್ಟಿನ ಒಂದು ಬದಿಯಲ್ಲೇ ಎಲ್ಲ ಹಾಡುಗಳನ್ನೂ ತುಂಬಿ, ಇನ್ನೊಂದು ಬದಿಯನ್ನು ಖಾಲಿ ಬಿಟ್ಟು, ಇದನ್ನು ನೀವೇ ತುಂಬಿಕೊಳ್ಳಿ ಎಂದು ಕೇಳುಗರಿಗೆ ಹೇಳಿತು. ಬಡ ಕಲಾವಿದನ ಹೊಟ್ಟೆಯ ಮೇಲೆ ಹೊಡೆಯಬಾರದೆಂಬುದು ಸರಿಯಾದ ಮಾತೇ. ನಕಲು ಮಾಡಿ ಮಾರುವವನ ಪಕ್ಷವನ್ನು ನಾನು ವಹಿಸುತ್ತಿಲ್ಲ. ಒಬ್ಬನಿಗಾಗಿ ಮಾಡಿದ ಒಂದು ಸುರುಳಿ ಮಾರಾಟವಲ್ಲ, ದಾನ. ಆ ಖಾಲಿ ಬದಿಯಲ್ಲಿ ತುಂಬಬೇಕಾದ್ದು ಏನೆಂಬುದನ್ನು ಕೇಳುಗನ ವಿವೇಕಕ್ಕೆ ಬಿಟ್ಟ ಆ ತಂಡದ ನಂಬಿಕೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಯುದ್ಧ ದೂರದಲ್ಲಿ ನಡೆಯುತ್ತದೆ, ನಮಗೇಕೆ ಎನ್ನುವವರಿಗೆ ಒಂದು ವರ್ಷವನ್ನು ನೆನಪಿಸುತ್ತೇನೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿದ್ದ ಭಾರತೀಯರಲ್ಲಿ ಸುಮಾರು 1,70,000 ಮಂದಿಯನ್ನು ಮುಂದಿನ ಕೆಲವು ವಾರಗಳಲ್ಲಿ ವಿಮಾನಗಳ ಮೂಲಕ ತಾಯ್ನಾಡಿಗೆ ಕರೆತರಬೇಕಾಯಿತು. ಕೊಲ್ಲಿಯ ದುಡಿಮೆಯನ್ನೇ ನೆಚ್ಚಿದ್ದ ನಮ್ಮ ಕರಾವಳಿಯ ಮನೆಗಳಲ್ಲಿ ಆ ತಿಂಗಳುಗಳು ಹೇಗಿದ್ದವೆಂದು ಬಲ್ಲವರು ಇಂದಿನ ಸಭೆಯಲ್ಲೂ ಇದ್ದಾರೆ. ದುಡಿದ ಹಣವೆಲ್ಲ ಅಲ್ಲೇ ಉಳಿದು, ಉಟ್ಟ ಬಟ್ಟೆಯಲ್ಲಿ ಮರಳಿ ಬಂದವರಿಗೆ ಯುದ್ಧವೆಂಬುದು ಪರದೇಶದ ಸುದ್ದಿಯಾಗಿರಲಿಲ್ಲ. 1991ರ ಜನವರಿಯಲ್ಲಿ ಅಮೆರಿಕ ಮತ್ತದರ ಮಿತ್ರರು ಬಾಂಬು ದಾಳಿ ಆರಂಭಿಸಿದಾಗ ಜಗತ್ತು ಅದನ್ನು ದೂರದರ್ಶನದಲ್ಲಿ ಪಟಾಕಿಯಂತೆ ನೋಡಿತು. ಅದೇ ವರ್ಷ ಅಮೆರಿಕದ ‘ಮ್ಯಾಕ್ಸಿಮಮ್ ರಾಕ್‌ನ್‌ರೋಲ್’ ಎಂಬ ಪಂಕ್ ಪತ್ರಿಕೆಯು ಆ ಯುದ್ಧವನ್ನು ವಿರೋಧಿಸಿ ಪುಟ್ಟದೊಂದು ತಟ್ಟೆಯನ್ನು ಹೊರತಂದಿತು. ಒಂದು ಬದಿಯಲ್ಲಿ ‘ಬ್ಯಾಡ್ ರಿಲಿಜನ್’ ತಂಡದ ಹಾಡುಗಳು, ಇನ್ನೊಂದು ಬದಿಯಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿಯವರ ಭಾಷಣ. ನಮ್ಮ ಮನೆಗಳ ಹಿರಿಮಕ್ಕಳು ಬರಿಗೈಯಲ್ಲಿ ಮರಳಿದ ಆ ಯುದ್ಧವನ್ನು ಸಾವಿರಾರು ಮೈಲು ಆಚೆಯ, ನಮ್ಮ ಊರಿನ ಹೆಸರನ್ನೂ ಕೇಳದ ಹುಡುಗರು ಪ್ರಶ್ನಿಸುತ್ತಿದ್ದರು. ಈಗ ಹೇಳಿ, ಆ ಗದ್ದಲ ಯಾರದು?

ಪಂಕ್ ಸಂಗೀತದಲ್ಲಿ ಎಲ್ಲವೂ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಬೆಚ್ಚಿಬೀಳಿಸುವ ಚಪಲಕ್ಕಾಗಿ ನಾಜಿ ಚಿಹ್ನೆಯನ್ನು ಧರಿಸಿ ತಿರುಗಿದವರು ಅದರ ಆರಂಭದ ದಿನಗಳಲ್ಲಿದ್ದರು. ಜನಾಂಗದ್ವೇಷವನ್ನು ಹಾಡಿದ ತಂಡಗಳೂ ಆ ಬಳಗದ ಅಂಚಿನಲ್ಲಿ ಬೆಳೆದವು. ಕುಡಿತ, ಹೊಡೆದಾಟ, ಬರಿಯ ಪೋಕರಿತನ ಇವೂ ಇದ್ದವು. ಆದುದರಿಂದಲೇ ಆಯ್ಕೆ ಮುಖ್ಯ. ಧ್ವನಿಸುರುಳಿ ಕಟ್ಟುವವನು ವಿಮರ್ಶಕನಾಗಬೇಕು. ಕಸವನ್ನು ಬಿಟ್ಟು ಕಾಳನ್ನು ಆಯಬೇಕು. 1984ರಲ್ಲಿ ಅಮೆರಿಕದ ಪಂಕ್ ತಂಡವೊಂದರ ಬಳಗವು ಹಲವು ದೇಶಗಳ ಐವತ್ತಕ್ಕೂ ಹೆಚ್ಚು ತಂಡಗಳ ಹಾಡುಗಳನ್ನು ಆಯ್ದು, ಶಾಂತಿಗಾಗಿ ಒಂದು ಸಂಕಲನ ತಂದಿತು. ಇಂಗ್ಲಿಷಿನವರ ಜೊತೆಗೆ ಬೇರೆ ನುಡಿಯವರೂ ಅದರಲ್ಲಿ ಒಟ್ಟಿಗೆ ಕುಳಿತಿದ್ದರು. ಒಂದು ಗಡಿಯ ಈಚೆ ಆಚೆ ಬೇರೆ ಬೇರೆ ನುಡಿಗಳನ್ನಾಡುತ್ತ ಬಾಳುವ ನಮಗೆ ಇಂಥ ಪಂಕ್ತಿಭೋಜನ ಅಪರಿಚಿತವೇನೂ ಅಲ್ಲ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಒಂದೇ ಅಂಗಡಿಯ ಜಗಲಿಯಲ್ಲಿ ಕುಳಿತು ವ್ಯಾಪಾರ ಮಾಡುವ ಊರು ನಮ್ಮದು. ಗೆರೆಯ ಆಚೆಗಿರುವವನು ಗೆರೆಯ ಕಾರಣದಿಂದಲೇ ವೈರಿಯಾಗುವುದಿಲ್ಲವೆಂದು 1956ರಿಂದ ಇಂದಿನವರೆಗೆ ದಿನವೂ ಬಾಳಿ ಕಲಿತವರು ಗಡಿನಾಡ ಕನ್ನಡಿಗರು. ನಮ್ಮ ಹಕ್ಕುಗಳಿಗಾಗಿ ಹೋರಾಡಿದ್ದೇವೆ, ಹೋರಾಡುತ್ತಿದ್ದೇವೆ. ನೆರೆಯವನ ಮನೆ ಸುಡಲೆಂದು ಹಾರೈಸಿಲ್ಲ. ಈ ವಿವೇಕವನ್ನು ದೇಶ ದೇಶಗಳ ನಡುವಿನ ಗಡಿಗೂ ವಿಸ್ತರಿಸಿ ನೋಡಬೇಕೆಂದು ಯಾರಾದರೂ ಹೇಳಬೇಕಾದರೆ, ಅದನ್ನು ಹೇಳುವ ಅಧಿಕಾರ ನಮಗಿಂತ ಹೆಚ್ಚು ಯಾರಿಗಿದೆ?

ಇಂದು ಕ್ಯಾಸೆಟ್ಟು ಅಪರೂಪ. ಹಾಡುಗಳೆಲ್ಲ ದೂರವಾಣಿಯೊಳಗೇ ಬಂದು ಕುಳಿತಿವೆ. ನೂರು ಜನರಿಗೆ ಒಂದೇ ಬೆರಳಿನಿಂದ ಕಳುಹಿಸಬಹುದು. ಸುಲಭವಾದದ್ದೇ ಇಲ್ಲಿಯ ಅಪಾಯ. ನೂರು ಜನರಿಗೆ ಕಳುಹಿಸಿದ್ದು ಯಾರಿಗೂ ಕಳುಹಿಸಿದಂತಲ್ಲ. ಆದುದರಿಂದ ಸಂಘದ ಯುವಕ ಯುವತಿಯರಿಗೆ ನನ್ನ ವಿನಂತಿ ಇಷ್ಟು: ಸಾಧನ ಯಾವುದೇ ಇರಲಿ, ಸುರುಳಿಯ ನಿಯಮಗಳನ್ನು ಉಳಿಸಿಕೊಳ್ಳಿ. ಒಬ್ಬನೇ ಗೆಳೆಯನನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಿಮ್ಮ ಅಭಿಪ್ರಾಯವನ್ನು ಈಗಾಗಲೇ ಒಪ್ಪುವವನಿಗಿಂತ ಒಪ್ಪದವನಾದರೆ ಇನ್ನೂ ಒಳ್ಳೆಯದು. ತೊಂಬತ್ತು ನಿಮಿಷದ ಮಿತಿ ಮೀರದಿರಿ. ಪ್ರತಿ ಹಾಡನ್ನೂ ಪೂರ್ತಿ ಕೇಳದೆ ಸೇರಿಸದಿರಿ. ಬರಿಯ ಸಿಟ್ಟಿನ ಹಾಡುಗಳನ್ನೇ ಪೇರಿಸದೆ, ನಡುವೆ ಯೋಧನ ಪಾಡನ್ನು ಹೇಳುವ ಒಂದನ್ನು, ತಾಯಿಯ ಸಂಕಟದ ಒಂದನ್ನು ಇಡಿ. ಈ ಹಾಡು ಇಲ್ಲಿ ಏಕಿದೆ ಎಂದು ಕನ್ನಡದಲ್ಲಿ, ಕೈಬರಹದಲ್ಲಿ, ಎರಡು ಸಾಲು ಬರೆದು ಜೊತೆಗಿಡಿ. ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿ ಬಿಡಿ. ಗೆಳೆಯನು ತನ್ನ ಉತ್ತರವನ್ನು ತುಂಬಲಿ.

ಹಿರಿಯರಿಗೆ ನನ್ನ ವಿನಂತಿ ಇನ್ನೂ ಚಿಕ್ಕದು. ಮುಂದಿನ ಸಲ ಉರಿಯುವ ಊರಿನ ತುಣುಕೊಂದು ನಿಮ್ಮ ದೂರವಾಣಿಗೆ ಬಂದಾಗ, ಅದನ್ನು ಮುಂದಕ್ಕೆ ತಳ್ಳುವ ಮೊದಲು, ಅದರೊಡನೆ ಬಂದ ಹಾಡಿನ ಸದ್ದನ್ನು ಅಡಗಿಸಿ ದೃಶ್ಯವನ್ನು ಮಾತ್ರ ನೋಡಿ. ಆಮೇಲೂ ಅದನ್ನು ಕಳುಹಿಸಬೇಕೆನಿಸಿದರೆ ಕಳುಹಿಸಿ. ಕಳುಹಿಸಲಾಗದಿದ್ದರೆ, ಆ ಮೌನದಲ್ಲಿ ನಿಮಗೆ ಕೇಳಿಸಿದ್ದನ್ನೇ ನಮ್ಮ ಹುಡುಗರು ತಮ್ಮ ಗೆಳೆಯರಿಗೆ ಕೇಳಿಸಲು ಹೊರಟಿದ್ದಾರೆಂದು ತಿಳಿದು, ಅವರನ್ನು ಹರಸಿ.